ಆರೋಗ್ಯದ ಕಡತ ಯಾರ ಮೇಜಿನ ಮೇಲೆ?



2025ರ ಜೂನ್ 9, ಸೋಮವಾರ. ಜನ ಕೆಲಸಕ್ಕೆ ಹೊರಟ ಬೆಳಗಿನ ಹೊತ್ತು. ಥಾಣೆ ಬಳಿಯ ದಿವಾ ಮತ್ತು ಮುಂಬ್ರಾ ನಿಲ್ದಾಣಗಳ ನಡುವಿನ ಕಡಿದಾದ ತಿರುವಿನಲ್ಲಿ ಎರಡು ಲೋಕಲ್ ಗಾಡಿಗಳು ಎದುರುಬದುರಾಗಿ ಹಾದವು. ಎರಡೂ ಗಾಡಿಗಳ ಬಾಗಿಲಲ್ಲಿ ಜನ ಜೋತುಬಿದ್ದಿದ್ದರು. ಹಲವರು ಹಳಿಯ ಮೇಲೆ ಬಿದ್ದರು, ಕನಿಷ್ಠ ನಾಲ್ವರು ಪ್ರಾಣ ಬಿಟ್ಟರು. ಅವರಾರೂ ರೋಗಿಗಳಾಗಿರಲಿಲ್ಲ. ದುಡಿಯಲು ಹೊರಟ ಪ್ರಾಯದವರು. ಅವರನ್ನು ಬದುಕಿಸಲು ಬೇಕಾಗಿದ್ದದ್ದು ಔಷಧವಲ್ಲ, ಗಾಡಿಯೊಳಗೆ ನಿಲ್ಲಲು ಒಂದಿಷ್ಟು ಜಾಗ.

ಈ ಸಾವುಗಳ ಕಡತ ರೈಲ್ವೆ ಕಚೇರಿಗೆ ಹೋಯಿತು, ಪೊಲೀಸ್ ಠಾಣೆಗೆ ಹೋಯಿತು. ಆರೋಗ್ಯ ಇಲಾಖೆಯ ಮೇಜಿಗೆ ಹೋಗಲಿಲ್ಲ. ಆದರೆ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿ ಪರಿಸರದಲ್ಲಿ ಬದುಕುವ ನಮ್ಮ ಆಯುಷ್ಯವನ್ನು ಹಿಗ್ಗಿಸುವ, ಕುಗ್ಗಿಸುವ ತೀರ್ಮಾನಗಳಲ್ಲಿ ಹೆಚ್ಚಿನವು ಆರೋಗ್ಯ ಇಲಾಖೆಯ ಹೊರಗೇ ಆಗುತ್ತವೆ. ನೀರಿನ ಪೈಪು ಯಾವ ಓಣಿಯವರೆಗೆ ಬರಬೇಕು, ಕಾರ್ಖಾನೆಯ ಗೋಡೆಗೂ ಮನೆಯ ಗೋಡೆಗೂ ನಡುವೆ ಎಷ್ಟು ಅಂತರ ಇರಬೇಕು, ಹೋಟೆಲಿನ ಹುಡುಗನ ಹೆಸರು ಹಾಜರಿ ಪುಸ್ತಕದಲ್ಲಿ ಇರಬೇಕೋ ಬೇಡವೋ, ಇವೆಲ್ಲ ಆರೋಗ್ಯದ ತೀರ್ಮಾನಗಳೇ. ಹಾಗೆಂದು ಒಪ್ಪಿಕೊಂಡು ಆಡಳಿತ ನಡೆಸಬೇಕು ಎಂಬುದೇ ಈ ಹೊತ್ತು ನಿಮ್ಮ ಮುಂದೆ ನಾನು ಇಡಬೇಕೆಂದಿರುವ ಮಾತು.

ಇದಕ್ಕೆ ತಜ್ಞರು ಆರೋಗ್ಯದ ಸಾಮಾಜಿಕ ನಿರ್ಧಾರಕಗಳು ಎನ್ನುತ್ತಾರೆ. ಮನುಷ್ಯ ಹುಟ್ಟುವ, ಬೆಳೆಯುವ, ದುಡಿಯುವ, ಮುದಿಯಾಗುವ ಪರಿಸ್ಥಿತಿಗಳು ಅವನ ಆರೋಗ್ಯವನ್ನು ಹೇಗೆ ರೂಪಿಸುತ್ತವೆ ಎಂದು ಅರಿಯಲು ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಒಂದು ಆಯೋಗ ನೇಮಿಸಿತು. ಲಂಡನ್ನಿನ ವಿಜ್ಞಾನಿ ಮೈಕೆಲ್ ಮಾರ್ಮಟ್ ಅದರ ಅಧ್ಯಕ್ಷರು. ಅಹಮದಾಬಾದಿನ ‘ಸೇವಾ’ ಎಂಬ ದುಡಿಯುವ ಹೆಣ್ಣುಮಕ್ಕಳ ಸಂಘಟನೆಯ ಮಿರಾಯಿ ಚಟರ್ಜಿ ಅದರ ಸದಸ್ಯರಲ್ಲಿ ಒಬ್ಬರು. ಬೀಡಿ ಕಟ್ಟುವ, ತರಕಾರಿ ಮಾರುವ ಹೆಣ್ಣುಮಕ್ಕಳ ಅನುಭವ ಹೀಗೆ ಜಗತ್ತಿನ ಸಭೆಗೆ ತಲುಪಿತು. 2008ರಲ್ಲಿ ಬಂದ ವರದಿ ಮೂರು ಮುಖ್ಯ ಶಿಫಾರಸುಗಳನ್ನು ಮಾಡಿತು: ದಿನನಿತ್ಯದ ಬದುಕಿನ ಸ್ಥಿತಿಗತಿ ಸುಧಾರಿಸಿ, ಅಧಿಕಾರ, ಹಣ, ಸಂಪನ್ಮೂಲಗಳ ಅಸಮ ಹಂಚಿಕೆಯನ್ನು ಸರಿಪಡಿಸಿ, ಸಮಸ್ಯೆಯನ್ನು ಅಳೆಯಿರಿ, ಕೈಗೊಂಡ ಕ್ರಮದ ಫಲವನ್ನೂ ಅಳೆಯಿರಿ.

ಮಾರ್ಮಟ್ ಅವರ ಮಾತಿಗೆ ತೂಕ ಬಂದದ್ದು ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಆರಂಭವಾದ ಅಧ್ಯಯನದಿಂದ. ಆ ನೌಕರರೆಲ್ಲ ಕಾಯಂ ಕೆಲಸದವರು, ಯಾರೂ ಉಪವಾಸ ಇದ್ದವರಲ್ಲ. ಎಲ್ಲರಿಗೂ ಒಂದೇ ಬಗೆಯ ಉಚಿತ ಚಿಕಿತ್ಸೆ ಸಿಗುತ್ತಿತ್ತು. ಹಾಗಿದ್ದರೂ ಅತಿ ಕೆಳ ದರ್ಜೆಯ ಜವಾನರ ಮರಣ ಪ್ರಮಾಣ ಅತಿ ಮೇಲಿನ ಅಧಿಕಾರಿಗಳದಕ್ಕಿಂತ ಸುಮಾರು ಮೂರು ಪಟ್ಟು ಇತ್ತು. ಆಸ್ಪತ್ರೆ ಎಲ್ಲರಿಗೂ ಒಂದೇ ಆದರೂ ಬದುಕು ಒಂದೇ ಅಲ್ಲದಿದ್ದರೆ ಆಯುಷ್ಯ ಒಂದಾಗುವುದಿಲ್ಲ ಎಂಬುದು ಆ ಅಧ್ಯಯನ ಕಲಿಸಿದ ಪಾಠ.

ಈ ಪಾಠ ನಮ್ಮ ನೆಲಕ್ಕೆ ಹೊಸದಲ್ಲ. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಗಾಳಿ ಬೆಳಕಿಲ್ಲದ ಚಾಳುಗಳಲ್ಲಿ ಜನ ಸತ್ತರು, ಉಳಿದವರಲ್ಲಿ ಲಕ್ಷಗಟ್ಟಲೆ ಮಂದಿ ಊರು ಬಿಟ್ಟರು. ಆಗ ಸರ್ಕಾರಕ್ಕೆ ಹೊಳೆಯಿತು, ಮನೆ ಮತ್ತು ಬೀದಿಯನ್ನು ಸರಿಪಡಿಸದೆ ಪ್ಲೇಗ್ ಹೋಗುವುದಿಲ್ಲವೆಂದು. 1898ರಲ್ಲಿ ನಗರ ಸುಧಾರಣಾ ಟ್ರಸ್ಟ್ ಹುಟ್ಟಿತು. ಅದು ಅಗಲ ರಸ್ತೆ ಮಾಡಿತು, ದಾದರ್ ಮಾಟುಂಗಾದಂಥ ಬಡಾವಣೆ ಕಟ್ಟಿತು. ಆದರೆ ಬಡವರ ಮನೆಗಳನ್ನು ಕೆಡವಿದಷ್ಟು ಬಡವರಿಗೆ ಕಟ್ಟಿಕೊಡಲಿಲ್ಲ. ಎದ್ದುಹೋದವರು ಪಕ್ಕದ ಇಕ್ಕಟ್ಟಿನಲ್ಲಿ ಇನ್ನಷ್ಟು ಇಕ್ಕಟ್ಟಾಗಿ ಸೇರಿಕೊಂಡರು. ಮುಂದೆ ನಗರ ಬೆಳೆದಂತೆ ಕಡಿಮೆ ಆದಾಯದವರು ರೈಲು ಹಳಿಯ ಗುಂಟ ಉತ್ತರಕ್ಕೆ, ಪೂರ್ವಕ್ಕೆ ಸರಿಯುತ್ತಲೇ ಬಂದರು. ಇಂದಿನ ಡೊಂಬಿವಲಿ, ಕಲ್ಯಾಣ್, ದಿವಾ, ಬದಲಾಪುರಗಳ ಜನಸಂದಣಿ ಆ ದೀರ್ಘ ಸರಿಯುವಿಕೆಯ ಫಲ.

ಉಡುಪಿ, ಮಂಗಳೂರು, ಕಾಸರಗೋಡಿನಿಂದ ಬಂದ ನಮ್ಮವರೂ ಇದೇ ಹಾದಿಯಲ್ಲಿ ಬಂದರು. ಮುಂಬಯಿಯ ಕೋಟೆ ಪರಿಸರದ ಹೋಟೆಲು, ಕ್ಯಾಂಟೀನುಗಳಲ್ಲಿ ಮಲಗಿ ಎದ್ದವರು ಮದುವೆಯಾಗಿ, ಮಕ್ಕಳಾದ ಮೇಲೆ, ಕೈಗೆಟಕುವ ಬೆಲೆಯ ಒಂದು ಖೋಲಿ ಹುಡುಕಿಕೊಂಡು ಡೊಂಬಿವಲಿಗೆ, ಕಲ್ಯಾಣ್‌ಗೆ ಬಂದರು. ಮನೆ ದಕ್ಕಿತು, ಆದರೆ ಕೆಲಸ ಕೋಟೆಯಲ್ಲೇ ಉಳಿಯಿತು. ಸಿಎಸ್‌ಎಂಟಿಯಿಂದ ಡೊಂಬಿವಲಿ 48 ಕಿಲೋಮೀಟರ್, ಕಲ್ಯಾಣ್ 54. ಮನೆಯಿಂದ ಹೊರಟು ಮನೆ ಸೇರುವವರೆಗೆ ದಿನಕ್ಕೆ ಮೂರು ಗಂಟೆ ಪ್ರಯಾಣಕ್ಕೇ ಹೋಗುತ್ತದೆ. ಆ ಮೂರು ಗಂಟೆ ಬರುವುದು ನಿದ್ದೆಯಿಂದ, ಮಕ್ಕಳ ಜೊತೆ ಕಳೆಯುವ ಹೊತ್ತಿನಿಂದ, ಬಿಸಿ ಊಟದಿಂದ. ನಲವತ್ತು ದಾಟುವ ಹೊತ್ತಿಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ ಬಂದಾಗ ವೈದ್ಯರು ವ್ಯಾಯಾಮ ಮಾಡಿ, ವೇಳೆಗೆ ಸರಿಯಾಗಿ ಉಣ್ಣಿ, ಚೆನ್ನಾಗಿ ನಿದ್ದೆ ಮಾಡಿ ಎನ್ನುತ್ತಾರೆ. ಸಲಹೆ ಸರಿಯಾದದ್ದೇ. ಆದರೆ ಅದನ್ನು ಪಾಲಿಸಲು ಬೇಕಾದ ಮೂರು ಗಂಟೆಯನ್ನು ಬರೆದುಕೊಡುವ ಅಧಿಕಾರ ವೈದ್ಯರಿಗಿಲ್ಲ, ರೈಲ್ವೆಗಿದೆ, ನಗರ ಯೋಜನೆ ಮಾಡುವವರಿಗಿದೆ.

ಭಾರತದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಬಂದು ನಿಂತದ್ದು ಥಾಣೆಯಲ್ಲಿ. ಮರುವರ್ಷವೇ ಹಳಿ ಕಲ್ಯಾಣ್ ತಲುಪಿತು. ಅಷ್ಟು ಹಳೆಯ ಈ ಮಾರ್ಗದಲ್ಲಿ ಲೋಕಲ್ ಗಾಡಿಗಳೂ ದೂರದೂರಿನ ಗಾಡಿಗಳೂ ಒಂದೇ ಹಳಿಯನ್ನು ಹಂಚಿಕೊಳ್ಳುತ್ತಿದ್ದವು. ಅವನ್ನು ಬೇರ್ಪಡಿಸುವ ಥಾಣೆ–ದಿವಾ ಐದನೆಯ, ಆರನೆಯ ಹಳಿಗೆ 2008ರಲ್ಲಿ ಅಡಿಗಲ್ಲು ಬಿತ್ತು, ಉದ್ಘಾಟನೆ ಆದದ್ದು 2022ರ ಫೆಬ್ರುವರಿಯಲ್ಲಿ. ನಡುವೆ ಕಳೆದ ಹದಿನಾಲ್ಕು ವರ್ಷಗಳನ್ನು ನಾವು ಕಾಮಗಾರಿಯ ವಿಳಂಬ ಎಂದಷ್ಟೇ ಬರೆದುಕೊಳ್ಳುತ್ತೇವೆ. ಆ ವಿಳಂಬದ ಬೆಲೆಯನ್ನು ಆ ವರ್ಷಗಳಲ್ಲಿ ಬಾಗಿಲಲ್ಲಿ ಜೋತುಬಿದ್ದವರು ಜೀವದಿಂದ ತೆತ್ತರು ಎಂದೂ ಬರೆದುಕೊಳ್ಳಬೇಕಿತ್ತು.

ನಮ್ಮ ದೇಶದ 2017ರ ರಾಷ್ಟ್ರೀಯ ಆರೋಗ್ಯ ನೀತಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಆರೋಗ್ಯ ಇಲಾಖೆಯ ಹೊರಗೆ ಆಗಬೇಕಾದ ಏಳು ಕೆಲಸಗಳನ್ನು ಅದು ಹೆಸರಿಸುತ್ತದೆ. ಸ್ವಚ್ಛತೆ, ಸಮತೋಲ ಆಹಾರ, ತಂಬಾಕು ಮತ್ತು ಮದ್ಯದ ಚಟದ ನಿವಾರಣೆ, ಹೆಣ್ಣುಮಕ್ಕಳ ಸುರಕ್ಷತೆ, ಕೆಲಸದ ಸ್ಥಳದ ಒತ್ತಡ ಕಡಿಮೆ ಮಾಡುವುದು, ಮನೆಯ ಒಳಗಿನ ಮತ್ತು ಹೊರಗಿನ ಗಾಳಿಯ ಶುದ್ಧಿ, ಅವುಗಳ ಜೊತೆಗೆ ಯಾತ್ರಿ ಸುರಕ್ಷಾ, ಅಂದರೆ ರೈಲು ಮತ್ತು ರಸ್ತೆಯ ಅಪಘಾತಗಳಲ್ಲಿ ಆಗುವ ಸಾವುಗಳನ್ನು ತಡೆಯುವುದು. ಮುಂಬ್ರಾದ ತಿರುವಿನಲ್ಲಿ ಆದ ಸಾವುಗಳು ಈ ನೀತಿಯ ಪ್ರಕಾರವೇ ಆರೋಗ್ಯದ ಪ್ರಶ್ನೆ. ನೀತಿ ಕಾಗದದಲ್ಲಿ ಸರಿಯಾಗಿದೆ. ಅದನ್ನು ಹಿಡಿದು ರೈಲ್ವೆಯ ಜೊತೆ, ಮಹಾನಗರ ಪಾಲಿಕೆಯ ಜೊತೆ ಕೂತು ವರ್ಷಕ್ಕೊಮ್ಮೆ ಲೆಕ್ಕ ಕೇಳುವ ವೇದಿಕೆ ನಮ್ಮಲ್ಲಿ ಇಲ್ಲ.

ನಡುವೆ ಕೆಲವು ಒಳ್ಳೆಯ ಹೆಜ್ಜೆಗಳು ಆಗಿವೆ. ಮಧ್ಯ ರೈಲ್ವೆಯ ನಿಲ್ದಾಣಗಳಲ್ಲಿ 2017ರಿಂದ ಒಂದು ರೂಪಾಯಿ ಕ್ಲಿನಿಕ್‌ಗಳು ತೆರೆದವು, ಬಿದ್ದವರಿಗೆ ಅಲ್ಲೇ ಪ್ರಥಮ ಚಿಕಿತ್ಸೆ ಸಿಗುವಂತಾಯಿತು. ಕಚೇರಿಗಳು ಕೆಲಸದ ವೇಳೆಯನ್ನು ಹಿಂದೆ ಮುಂದೆ ಮಾಡಿಕೊಳ್ಳಬೇಕೆಂದು ರೈಲ್ವೆ ಮನವಿ ಮಾಡಿದೆ. ಮುಂಬ್ರಾ ಘಟನೆಯ ನಂತರ ತಾನಾಗಿ ಮುಚ್ಚುವ ಬಾಗಿಲಿನ ಸಾದಾ ಗಾಡಿಗಳನ್ನು ತರುವುದಾಗಿಯೂ ಘೋಷಿಸಿದೆ. ಇವು ಬೇಕು. ಆದರೆ ಬೆಳಿಗ್ಗೆ ಎಲ್ಲರೂ ದಕ್ಷಿಣಕ್ಕೆ, ಸಂಜೆ ಎಲ್ಲರೂ ಉತ್ತರಕ್ಕೆ ಹೋಗಲೇಬೇಕಾದ ನಗರದಲ್ಲಿ ಬಾಗಿಲು ಮುಚ್ಚಿದರೂ ಒಳಗಿನ ಉಸಿರು ಕಟ್ಟುತ್ತದೆ. ಕೆಲಸವನ್ನು ಜನರ ಹತ್ತಿರಕ್ಕೆ ತರುವುದೇ ದೊಡ್ಡ ಔಷಧ.

ನವಿ ಮುಂಬಯಿ ಹುಟ್ಟಿದ್ದೇ ಈ ಆಲೋಚನೆಯಿಂದ. ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಎಂಬ ಮೂವರು ಖಾಡಿಯ ಆಚೆಗೆ ಹೊಸ ನಗರ ಕಟ್ಟೋಣವೆಂದು ಅರವತ್ತರ ದಶಕದಲ್ಲಿ ಸೂಚಿಸಿದರು. 1970ರಲ್ಲಿ ಅದನ್ನು ಕಟ್ಟಲು ಸಿಡ್ಕೊ ಎಂಬ ನಿಗಮ ಸ್ಥಾಪನೆಯಾಯಿತು. ಮನೆ, ಕೆಲಸ, ಶಾಲೆ, ನೀರು, ರೈಲು ಇವನ್ನು ಒಟ್ಟಿಗೆ ಯೋಚಿಸುವುದು ಅವರ ಕನಸು. ಆ ಕನಸಿನಲ್ಲಿ ಪೂರ್ತಿ ನನಸಾಗದ್ದು ಬಹಳ ಇದೆ. ಆದರೆ ಒಂದು ವಿಷಯದಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ, ಅದು ನೀರು. ರಾಯಗಡ ಜಿಲ್ಲೆಯ ಖಾಲಾಪುರದ ಬಳಿ ಇರುವ ಮೊರ್ಬೆ ಅಣೆಕಟ್ಟನ್ನು ನವಿ ಮುಂಬಯಿ ಮಹಾನಗರ ಪಾಲಿಕೆ ತನ್ನದಾಗಿಸಿಕೊಂಡಿತು. ದಿನಕ್ಕೆ 45 ಕೋಟಿ ಲೀಟರ್ ಕೊಡಬಲ್ಲ ಸ್ವಂತ ಅಣೆಕಟ್ಟು ಇರುವ ಪಾಲಿಕೆಗಳು ದೇಶದಲ್ಲಿ ವಿರಳ. ವಾಶಿ, ನೆರೂಲ್, ಬೇಲಾಪುರದ ನಲ್ಲಿಗಳಲ್ಲಿ ನೀರು ಬರುವುದರ ಹಿಂದೆ ಈ ದೂರದೃಷ್ಟಿಯಿದೆ. ಆ ಅಣೆಕಟ್ಟಿಗೆ ನೆಲ ಬಿಟ್ಟುಕೊಟ್ಟ ಹಳ್ಳಿಗರ ಋಣವೂ ಇದೆ.

ಈಗ ಥಾಣೆ ಜಿಲ್ಲೆಯ ಇನ್ನೊಂದು ಬದಿಗೆ ಬನ್ನಿ. ಕಲ್ಯಾಣ್–ಡೊಂಬಿವಲಿಯ 27 ಹಳ್ಳಿಗಳು 1983ರಲ್ಲಿ ಪಾಲಿಕೆಗೆ ಸೇರಿದವು, 2002ರಲ್ಲಿ ಹೊರಬಂದವು, 2015ರಲ್ಲಿ ಮತ್ತೆ ಸೇರಿದವು. ಗಡಿ ಒಳಗೆ ಹೊರಗೆ ಸರಿದಾಡುತ್ತಿದ್ದಾಗ ಕಟ್ಟಡಗಳು ಮಾತ್ರ ನಿಲ್ಲದೆ ಏಳುತ್ತಿದ್ದವು. ನೀರಿನ ಜಾಲ ಹಿಂದೆ ಬಿತ್ತು. ಆ ಹಳ್ಳಿಗಳಲ್ಲಿ ಒಂದು ಸಂದಪ್. 2022ರ ಮೇ 7ರಂದು ಅಲ್ಲಿಯ ಒಂದು ಕುಟುಂಬದವರು ಬಟ್ಟೆ ಒಗೆಯಲು ಕಲ್ಲುಕ್ವಾರಿಯ ಹೊಂಡಕ್ಕೆ ಹೋಗಿದ್ದರು. ಒಂದು ಮಗು ನೀರಿಗೆ ಜಾರಿತು. ಉಳಿಸಲು ಹೋದವರೂ ಮುಳುಗಿದರು. ಒಂದೇ ಮನೆಯ ಐವರು ಸತ್ತರು. ನಲ್ಲಿಯಲ್ಲಿ ಸಾಕಷ್ಟು ನೀರು ಬರುತ್ತಿದ್ದರೆ ಯಾವ ತಾಯಿಯೂ ಮಕ್ಕಳನ್ನು ಕರೆದುಕೊಂಡು ಕ್ವಾರಿಯ ಅಂಚಿಗೆ ಬಟ್ಟೆಯ ಗಂಟು ಹೊತ್ತು ಹೋಗುವುದಿಲ್ಲ.

ದಿವಾದಲ್ಲಿ ಬೇಸಿಗೆ ಬಂದರೆ ಟ್ಯಾಂಕರಿನ ಹಾದಿ ಕಾಯುವವರು ಯಾರೆಂದು ನೋಡಿ, ಹೆಣ್ಣುಮಕ್ಕಳೇ. ಕೊಡ ಹೊರುವ ಬೆನ್ನು ಅವರದು, ಟ್ಯಾಂಕರ್ ಬರುವವರೆಗೆ ಕೆಲಸಕ್ಕೆ ಹೋಗಲಾಗದೆ ಕಳೆದುಕೊಳ್ಳುವ ದಿನಗೂಲಿಯೂ ಅವರದು. ಸಂಗ್ರಹಿಸಿಟ್ಟ ನೀರಿನಲ್ಲಿ ಸೊಳ್ಳೆ ಮರಿಯಾಗಿ ಡೆಂಗಿ ಬಂದರೆ ಮಗುವಿನ ಹಾಸಿಗೆಯ ಬಳಿ ಕೂರುವವರೂ ಅವರೇ. ಹಾಗಾಗಿ ಹೊಸ ಕಟ್ಟಡಕ್ಕೆ ವಾಸದ ಪರವಾನಗಿ ಕೊಡುವ ಮೊದಲು ಅಲ್ಲಿಗೆ ನೀರು ಎಲ್ಲಿಂದ ಬರುತ್ತದೆ, ಕೊಳಕು ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದು ಆರೋಗ್ಯ ನೀತಿಯೇ. ಇಂಥದೇ ಪ್ರಶ್ನೆಯನ್ನು ಒಮ್ಮೆ ನ್ಯಾಯಾಲಯ ಕೇಳಿತ್ತು. ಕಲ್ಯಾಣ್–ಡೊಂಬಿವಲಿಯಲ್ಲಿ ಕಸದ ವಿಲೇವಾರಿಗೆ ವ್ಯವಸ್ಥೆಯೇ ಇಲ್ಲವೆಂದು ಕಂಡಾಗ ಬಾಂಬೆ ಹೈಕೋರ್ಟ್ 2015ರಲ್ಲಿ ಅಲ್ಲಿ ಹೊಸ ಕಟ್ಟಡಗಳಿಗೆ ಅನುಮತಿ ಕೊಡಬಾರದೆಂದು ತಡೆ ಹಾಕಿತು. ಕಸ ಮತ್ತು ಕಟ್ಟಡ ಎರಡೂ ಒಂದೇ ಕಡತಕ್ಕೆ ಬಂದವು. ವರ್ಷಗಟ್ಟಲೆ ಹೊಗೆಯುಗುಳುತ್ತಿದ್ದ ಆಧಾರವಾಡಿಯ ಕಸದ ಗುಡ್ಡಕ್ಕೆ ಕಸ ಸುರಿಯುವುದು ಕಡೆಗೂ 2021ರಲ್ಲಿ ನಿಂತಿತು. ನ್ಯಾಯಾಲಯದ ಬೆತ್ತ ಬೀಳುವವರೆಗೆ ಕಾಯದೆ ಪಾಲಿಕೆಯೇ ಈ ಪ್ರಶ್ನೆ ಕೇಳಿಕೊಂಡಿದ್ದರೆ ಎಷ್ಟು ಮಕ್ಕಳ ಎದೆಯ ಕಫ ತಪ್ಪುತ್ತಿತ್ತೋ.

ಈಗ ಗಾಳಿಯ ವಿಷಯ. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶ ಅರವತ್ತರ ದಶಕದ್ದು. ಬಣ್ಣ, ರಾಸಾಯನಿಕ, ಔಷಧ, ಬಟ್ಟೆಯ ಕಾರ್ಖಾನೆಗಳು ಬಂದಾಗ ಸುತ್ತ ಗದ್ದೆಯಿತ್ತು. ಅವು ಸಾವಿರಾರು ಮನೆಗಳಿಗೆ ಅನ್ನ ಕೊಟ್ಟವು, ನಮ್ಮವರ ಮನೆಗಳಿಗೂ. ಮುಂದೆ ವಸತಿ ಬೆಳೆದು ಕಾರ್ಖಾನೆಯ ಗೇಟಿನವರೆಗೆ ಬಂತು. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ ಕೈಗಾರಿಕಾ ಪ್ರದೇಶಗಳಿಗೆ ಅಂಕ ಕೊಟ್ಟಿತು. 70 ದಾಟಿದರೆ ತೀವ್ರ ಮಲಿನ ಎಂದು ಅರ್ಥ. ಡೊಂಬಿವಲಿಗೆ ಬಂದದ್ದು 78.41, ನವಿ ಮುಂಬಯಿಗೆ 73.77. 2014ರ ಜನವರಿಯಲ್ಲಿ ಡೊಂಬಿವಲಿಯಲ್ಲಿ ಹಸಿರು ಬಣ್ಣದ ಮಳೆ ಬಿತ್ತು, 2020ರಲ್ಲಿ ಎಂಐಡಿಸಿಯ ರಸ್ತೆ ಗುಲಾಬಿ ಬಣ್ಣಕ್ಕೆ ತಿರುಗಿತು. ಅಂಬರನಾಥ, ಉಲ್ಲಾಸನಗರದ ಮೂಲಕ ಹರಿದು ಬರುವ ವಾಲಧುನಿ ನದಿ ಕಲ್ಯಾಣ್ ಮುಟ್ಟುವ ಹೊತ್ತಿಗೆ ನೀರಿನ ಬಣ್ಣವನ್ನೇ ಕಳೆದುಕೊಂಡಿರುತ್ತದೆ.

2016ರ ಮೇ 26ರಂದು ಡೊಂಬಿವಲಿ ಎಂಐಡಿಸಿಯ ಒಂದು ಕಾರ್ಖಾನೆ ಸ್ಫೋಟಿಸಿತು. ಎಂಟು ವರ್ಷದ ನಂತರ 2024ರ ಮೇ 23ರಂದು ಇನ್ನೊಂದು. ಎರಡೂ ಬಾರಿ ಸತ್ತವರು ಹತ್ತಕ್ಕಿಂತ ಹೆಚ್ಚು. ದೂರದ ಮನೆಗಳ ಕಿಟಕಿಯ ಗಾಜೂ ಪುಡಿಯಾಯಿತು. ಮೊದಲ ಸ್ಫೋಟದ ಬಳಿಕ ತನಿಖೆ, ಭರವಸೆ, ಸ್ಥಳಾಂತರದ ಮಾತು ಎಲ್ಲವೂ ಬಂದವು. ಎರಡನೆಯದನ್ನು ತಡೆಯಲಾಗಲಿಲ್ಲ. ಕಾರ್ಖಾನೆಗೆ ಪರವಾನಗಿ ಕೊಟ್ಟ ಕಚೇರಿ ಒಂದು, ಬಾಯ್ಲರ್ ಪರೀಕ್ಷಿಸುವ ಕಚೇರಿ ಇನ್ನೊಂದು, ಗಾಳಿ ಅಳೆಯುವ ಮಂಡಳಿ ಮತ್ತೊಂದು, ಪಕ್ಕದಲ್ಲೇ ವಸತಿಗೆ ನಕ್ಷೆ ಮಂಜೂರು ಮಾಡಿದ್ದು ಮಗದೊಂದು. ಪ್ರತಿಯೊಬ್ಬರೂ ತಮ್ಮ ಪಾಲಿನ ಕಾಗದಕ್ಕೆ ಮೊಹರು ಒತ್ತುತ್ತಾರೆ. ಕೆಲಸಗಾರನ ಶ್ವಾಸಕೋಶ ಮತ್ತು ಪಕ್ಕದ ಮನೆಯ ಅಜ್ಜಿಯ ಶ್ವಾಸಕೋಶ ಎರಡನ್ನೂ ಒಟ್ಟಿಗೆ ನೋಡುವ ಹೊಣೆ ಯಾರದೂ ಅಲ್ಲ. ಕಾರ್ಖಾನೆ ಮುಚ್ಚಿಸಿ ಎನ್ನುವುದು ಸುಲಭದ ಮಾತು, ಅದರ ಜೊತೆಗೆ ಕೂಲಿಯೂ ಹೋದರೆ ಅದೂ ಆರೋಗ್ಯವನ್ನು ತಿನ್ನುತ್ತದೆ. ಬೇಕಾಗಿರುವುದು ಕಾರ್ಖಾನೆಗೂ ಮನೆಗೂ ನಡುವೆ ನಿಜವಾದ ಅಂತರ, ನಿಜವಾದ ತಪಾಸಣೆ, ಅಪಾಯದ ಘಟಕ ಎದ್ದುಹೋಗುವಾಗ ಅಲ್ಲಿ ದುಡಿಯುವವರಿಗೆ ಹೊಸ ಜಾಗದಲ್ಲೂ ಕೆಲಸ.

ಕೂಲಿಯ ಮಾತು ಬಂತಲ್ಲ, ಈ ಪರಿಸರದ ಒಂದು ದೊಡ್ಡ ಸಾಧನೆಯನ್ನು ನೆನೆಯೋಣ. ಮುಂಬಯಿಯ ಮಾರುಕಟ್ಟೆಗಳಲ್ಲಿ ಮೂಟೆ ಹೊರುವ ಮಾಥಾಡಿ ಕಾರ್ಮಿಕರು ಒಂದು ಕಾಲದಲ್ಲಿ ಯಾರ ನೌಕರರೂ ಅಲ್ಲ. ಇಂದು ಈ ಅಂಗಡಿ, ನಾಳೆ ಆ ಅಂಗಡಿ. ಬೆನ್ನು ಮುರಿದರೆ ಕೇಳುವವರಿಲ್ಲ. ಅಣ್ಣಾಸಾಹೇಬ್ ಪಾಟೀಲರ ನಾಯಕತ್ವದಲ್ಲಿ ಅವರು ಹೋರಾಡಿದರು, 1969ರಲ್ಲಿ ಮಹಾರಾಷ್ಟ್ರ ಸರ್ಕಾರ ಮಾಥಾಡಿ ಕಾಯ್ದೆ ತಂದಿತು. ಕಾರ್ಮಿಕರು ಒಂದು ಮಂಡಳಿಯಲ್ಲಿ ನೋಂದಾಯಿಸಿಕೊಳ್ಳುತ್ತಾರೆ. ವ್ಯಾಪಾರಿ ಕೂಲಿಯನ್ನೂ ಅದರ ಮೇಲೆ ಒಂದು ಪಾಲನ್ನೂ ಮಂಡಳಿಗೆ ಕಟ್ಟುತ್ತಾನೆ. ಆ ಹಣದಿಂದ ಭವಿಷ್ಯನಿಧಿ, ಗ್ರಾಚ್ಯುಯಿಟಿ, ರಜೆಯ ಸಂಬಳ, ವೈದ್ಯಕೀಯ ನೆರವು ಸಿಗುತ್ತದೆ. ಸಗಟು ಮಾರುಕಟ್ಟೆ ವಾಶಿಗೆ ಬಂದಾಗ ಕಾರ್ಮಿಕರೂ ಬಂದರು. ಕೋಪರ್‌ಖೈರಣೆ, ಘನ್ಸೋಲಿಗಳಲ್ಲಿ ಅವರಿಗೆ ಮನೆಗಳೂ ಆದವು. 50 ಕಿಲೋಗಿಂತ ಭಾರದ ಗೋಣಿ ಹೊರಿಸಬೇಡಿ ಎಂದು ಅವರ ಸಂಘಟನೆ ಹಿಡಿದ ಹಟ ಯಾವ ಮೂಳೆ ತಜ್ಞರ ಸಲಹೆಗೂ ಕಡಿಮೆಯಲ್ಲ. ಆರೋಗ್ಯ ನೀತಿ ಎಂಬ ಹೆಸರಿಲ್ಲದೆ ಜಾರಿಗೆ ಬಂದ ಅತ್ಯುತ್ತಮ ಆರೋಗ್ಯ ನೀತಿ ಇದು.

ಇಂಥ ರಕ್ಷಣೆ ನಮ್ಮ ಹೋಟೆಲು ಕಾರ್ಮಿಕರಿಗೆ ಎಷ್ಟು ಸಿಕ್ಕಿದೆ? ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಹೋಟೆಲಿನಲ್ಲಿ 21,000 ರೂಪಾಯಿವರೆಗೆ ಸಂಬಳ ಪಡೆಯುವವರಿಗೆ ಇಎಸ್‌ಐ ಎಂಬ ಕಾರ್ಮಿಕರ ವಿಮೆ ಅನ್ವಯಿಸುತ್ತದೆ. 2019ರಿಂದ ಕಾರ್ಮಿಕ ಕಟ್ಟಬೇಕಾದದ್ದು ಸಂಬಳದ ಶೇಕಡಾ 0.75, ಮಾಲೀಕ ಕಟ್ಟಬೇಕಾದದ್ದು ಶೇಕಡಾ 3.25. ಅದಕ್ಕೆ ಪ್ರತಿಯಾಗಿ ಇಡೀ ಕುಟುಂಬಕ್ಕೆ ಚಿಕಿತ್ಸೆ. ಕಾಯಿಲೆಯಿಂದ ಮಲಗಿದರೆ ವರ್ಷದಲ್ಲಿ 91 ದಿನಗಳವರೆಗೆ ಸಂಬಳದ ಶೇಕಡಾ 70 ಕೈಗೆ ಬರುತ್ತದೆ. ಈ ಎರಡನೆಯ ಸೌಲಭ್ಯ ಮೊದಲನೆಯದಕ್ಕಿಂತ ದೊಡ್ಡದು. ಕ್ಷಯ ರೋಗಕ್ಕೆ ಮಾತ್ರೆ ಸರ್ಕಾರದಿಂದ ಉಚಿತವಾಗಿ ಸಿಗುತ್ತದೆ, ಆದರೆ ಮಾತ್ರೆ ನುಂಗಿ ಸುಧಾರಿಸಿಕೊಳ್ಳುವ ದಿನಗಳ ಅನ್ನ ಯಾರು ಕೊಡಬೇಕು? ಅನ್ನಕ್ಕಾಗಿ ಹುಡುಗ ಅರ್ಧ ಗುಣವಾಗಿಯೇ ಕೆಲಸಕ್ಕೆ ಮರಳುತ್ತಾನೆ. ಅವನು ಮಲಗುವ ಕೋಣೆಯಲ್ಲಿ ಇನ್ನೂ ಎಂಟು ಹತ್ತು ಮಂದಿ ಮಲಗಿರುತ್ತಾರೆ.

ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದು ನವಿ ಮುಂಬಯಿಯ ನಾಕಾಗಳಲ್ಲಿ ಬೆಳಿಗ್ಗೆ ಕೆಲಸಕ್ಕಾಗಿ ನಿಲ್ಲುವ ಗಾರೆ ಕೆಲಸದ ಅಣ್ಣ ಅಕ್ಕಂದಿರ ಸ್ಥಿತಿ ಇನ್ನೂ ಕಷ್ಟದ್ದು. 1996ರಲ್ಲಿ ಬಂದ ಕಾಯ್ದೆ ಕಟ್ಟಡದ ವೆಚ್ಚದ ಮೇಲೆ ಸೆಸ್ ವಸೂಲು ಮಾಡಿ ನಿರ್ಮಾಣ ಕಾರ್ಮಿಕರ ಕ್ಷೇಮನಿಧಿಗೆ ಹಾಕುವ ದಾರಿ ಮಾಡಿತು. ಕಟ್ಟಡಗಳು ಎದ್ದಂತೆ ಹಣವೂ ಬೆಳೆಯಿತು. ಆದರೆ ಅದರ ಫಲ ಪಡೆಯಲು ವರ್ಷದಲ್ಲಿ 90 ದಿನ ಕೆಲಸ ಮಾಡಿದ ಪ್ರಮಾಣಪತ್ರ ಬೇಕು. ದಿನಕ್ಕೊಬ್ಬ ಮುಕಾದಮನ ಕೈಕೆಳಗೆ ದುಡಿಯುವವರಿಗೆ ಆ ಪ್ರಮಾಣಪತ್ರ ಬರೆದುಕೊಡುವವರು ಯಾರು? ಊರಿನ ರೇಷನ್ ಕಾರ್ಡು ಊರಿನಲ್ಲಿ, ಇಲ್ಲಿ ಬಾಡಿಗೆ ಕರಾರು ಇಲ್ಲ, ಅರ್ಜಿ ಮರಾಠಿಯಲ್ಲಿ. ಹಕ್ಕು ಕಾಗದದಲ್ಲಿದ್ದು ಕೈಗೆ ಬಾರದಿದ್ದರೆ ಅದರಿಂದ ಒಂದು ಮಗುವಿನ ತೂಕವೂ ಏರುವುದಿಲ್ಲ.

ಇಷ್ಟೆಲ್ಲ ಹೊರಗಡೆ ಕೈತಪ್ಪಿದಾಗ ಕೊನೆಗೆ ಎಲ್ಲವೂ ಬಂದು ಬೀಳುವುದು ಆಸ್ಪತ್ರೆಯ ಮೇಲೆ. 2023ರ ಆಗಸ್ಟ್ ತಿಂಗಳಲ್ಲಿ ಥಾಣೆ ಪಾಲಿಕೆಯ ಕಲ್ವಾದ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆಯಲ್ಲಿ 24 ಗಂಟೆಯೊಳಗೆ 18 ರೋಗಿಗಳು ತೀರಿಕೊಂಡರು. ಆ ದಿನ ಎಲ್ಲರ ಸಿಟ್ಟು ವೈದ್ಯರ ಮೇಲೆ, ದಾದಿಯರ ಮೇಲೆ ತಿರುಗಿತು. ಅದು 500 ಹಾಸಿಗೆಗಳ ಆಸ್ಪತ್ರೆ. ಥಾಣೆಯ ಜಿಲ್ಲಾ ಆಸ್ಪತ್ರೆಯ ಹಳೆಯ ಕಟ್ಟಡವನ್ನು ಹೊಸದಾಗಿ ಕಟ್ಟಲು ಕೆಡವಿದ್ದರಿಂದ ಅಲ್ಲಿಗೆ ಹೋಗುತ್ತಿದ್ದವರೂ ಇಲ್ಲಿಗೆ ಬರುತ್ತಿದ್ದರು. ಕಲ್ಯಾಣ್, ಭಿವಂಡಿ, ಶಹಾಪುರ, ಪಾಲಘರ ಕಡೆಯಿಂದಲೂ ರೋಗ ಉಲ್ಬಣಿಸಿದ ಮೇಲೆ ಇಲ್ಲಿಗೆ ಸಾಗಿಸುವುದು ವಾಡಿಕೆ. ಹತ್ತಿರದ ದವಾಖಾನೆಯಲ್ಲಿ ಮೊದಲೇ ರಕ್ತದೊತ್ತಡ ನೋಡಿದ್ದರೆ, ಮನೆಯ ಬಳಿಯೇ ಒಳ್ಳೆಯ ನೀರಿದ್ದರೆ, ತಾಲೂಕು ಆಸ್ಪತ್ರೆಯಲ್ಲಿ ತಜ್ಞರಿದ್ದರೆ ಕಲ್ವಾದವರೆಗೆ ಬರಬೇಕಾಗಿಯೇ ಇರದಿದ್ದ ಎಷ್ಟು ಜನ ಆ ಸಾಲಿನಲ್ಲಿದ್ದಿರಬಹುದು! ಬೆಟ್ಟದ ಮೇಲೆ ಮರ ಕಡಿದವರನ್ನು ಬಿಟ್ಟು ಕೆಳಗಿನ ಸೇತುವೆಯನ್ನು ಬೈದರೆ ನೆರೆ ನಿಲ್ಲುವುದಿಲ್ಲ.

ಹತ್ತಿರದ ದವಾಖಾನೆಗೆ ದಾರಿ ಇಲ್ಲವೆಂದಲ್ಲ. 2013ರ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನ ಪ್ರತಿ 50,000 ಜನಸಂಖ್ಯೆಗೆ ಒಂದು ನಗರ ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕೆಂದಿತು. ಬಡಾವಣೆಗಳಲ್ಲಿ ಆಶಾ ಕಾರ್ಯಕರ್ತೆಯರು, 50ರಿಂದ 100 ಮನೆಗಳಿಗೆ ಒಂದು ಮಹಿಳಾ ಆರೋಗ್ಯ ಸಮಿತಿ ಎಂದೂ ಹೇಳಿತು. 2023ರ ಮೇ 1ರಿಂದ ಮಹಾರಾಷ್ಟ್ರದಾದ್ಯಂತ ‘ಆಪ್ಲಾ ದವಾಖಾನಾ’ಗಳು ತೆರೆಯತೊಡಗಿದವು. ಮಹಿಳಾ ಆರೋಗ್ಯ ಸಮಿತಿ ಎಂಬುದು ಲಸಿಕೆಯ ದಿನ ಜನ ಕೂಡಿಸುವುದಕ್ಕಷ್ಟೇ ಇರುವುದಲ್ಲ. ನೀರು, ಚರಂಡಿ, ಶೌಚಾಲಯದ ದೂರನ್ನು ಬರೆದು ವಾರ್ಡ್ ಕಚೇರಿಗೆ ತಲುಪಿಸುವುದೂ ಅದರ ಕೆಲಸ. ಆ ದೂರು ನೀರಿನ ಇಂಜಿನಿಯರರ ಮೇಜಿಗೆ ಹೋಗಿ ಉತ್ತರ ಬಂದರೆ ಮಾತ್ರ ಸಮಿತಿಗೆ ಜೀವ.

ಏನು ಮಾಡಬೇಕು ಎಂಬುದಕ್ಕೆ ಈಗ ಬರೋಣ. ಫಿನ್ಲೆಂಡ್ 2006ರಲ್ಲಿ ಯುರೋಪ್ ಒಕ್ಕೂಟದ ಮುಂದೆ ಒಂದು ಸೂತ್ರ ಇಟ್ಟಿತು: ಎಲ್ಲ ನೀತಿಗಳಲ್ಲೂ ಆರೋಗ್ಯ ಇರಲಿ. ರಸ್ತೆ, ಶಿಕ್ಷಣ, ಕೃಷಿ, ತೆರಿಗೆ, ಯಾವ ಇಲಾಖೆ ಯಾವ ತೀರ್ಮಾನ ಮಾಡಿದರೂ ಇದರಿಂದ ಜನರ ಆರೋಗ್ಯಕ್ಕೆ ಏನಾಗುತ್ತದೆ ಎಂದು ಮೊದಲು ಕೇಳಿಕೊಳ್ಳಲಿ. ಥಾಣೆ ಜಿಲ್ಲೆಯಲ್ಲೂ ಇದನ್ನು ಮಾಡಬಹುದು. ವಸತಿ ಯೋಜನೆಯ ಕಡತದಲ್ಲಿ ನೀರು, ಚರಂಡಿ, ಶಾಲೆ, ದವಾಖಾನೆ, ರೈಲಿನ ಸಾಮರ್ಥ್ಯ ಐದಕ್ಕೂ ಉತ್ತರ ಬರೆದಿರಬೇಕು. ರೈಲ್ವೆ, ಜಿಲ್ಲೆಯ ಮಹಾನಗರ ಪಾಲಿಕೆಗಳು, ಎಂಐಡಿಸಿ, ಮಾಲಿನ್ಯ ನಿಯಂತ್ರಣ ಮಂಡಳಿ, ಕಾರ್ಮಿಕ ಇಲಾಖೆ ಒಂದೇ ಸಭೆಯಲ್ಲಿ ಕೂತು ವರ್ಷಕ್ಕೊಮ್ಮೆ ಜನರಿಗೆ ಲೆಕ್ಕ ಒಪ್ಪಿಸಬೇಕು: ಹಳಿಯ ಮೇಲೆ ಎಷ್ಟು ಸಾವು, ಯಾವ ವಾರ್ಡಿನಲ್ಲಿ ಎಷ್ಟು ಡೆಂಗಿ, ಎಷ್ಟು ಕ್ಷಯ, ಎಷ್ಟು ಮನೆಗಳಿಗೆ ನಲ್ಲಿ ಇಲ್ಲ. ವಾರ್ಡುವಾರು ಅಂಕಿ ಹೊರಗೆ ಬಂದಾಗ ನೆರೂಲಿನ ಅಂಕಿ ದಿವಾದ ಅಂಕಿಯ ಪಕ್ಕ ನಿಲ್ಲುತ್ತದೆ. ಆಗ ಹಣ ಎಲ್ಲಿಗೆ ಹೋಗಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಲೆಕ್ಕ ಕೇಳಲು ಚುನಾಯಿತ ಸದಸ್ಯರು ಬೇಕು. 2020ರಲ್ಲಿ ಅವಧಿ ಮುಗಿದ ಮೇಲೆ ನವಿ ಮುಂಬಯಿ ಮತ್ತು ಕಲ್ಯಾಣ್–ಡೊಂಬಿವಲಿ ಪಾಲಿಕೆಗಳು ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲಿದ್ದವು. ಕೊರೋನಾದ ಕಾಲವೂ ಅದರಲ್ಲೇ ಬಂತು. ಮನೆಯ ಮುಂದಿನ ಚರಂಡಿಗೆ ಉತ್ತರಿಸಬೇಕಾದ ನಗರಸೇವಕನೇ ಇಲ್ಲದ ಊರಿನಲ್ಲಿ ಆರೋಗ್ಯ ಬಡವರಿಂದಲೇ ಮೊದಲು ದೂರವಾಗುತ್ತದೆ. ವೇಳೆಗೆ ಸರಿಯಾದ ಸ್ಥಳೀಯ ಚುನಾವಣೆಯೂ ಲಸಿಕೆಯಷ್ಟೇ ಅಗತ್ಯವಾದದ್ದು.

ಕೊನೆಯದಾಗಿ ನಮ್ಮ ಸಂಘಗಳಿಗೆ ಒಂದು ವಿನಂತಿ. ಈ ಪರಿಸರದ ಕನ್ನಡಿಗರಿಗೆ ಸಂಘಟನೆಯ ಶಕ್ತಿ ಹೊಸದಲ್ಲ. ಹೋಟೆಲಿನ ಹುಡುಗರು ಹಗಲು ದುಡಿದು ರಾತ್ರಿ ಓದುವಂತೆ ಹಿರಿಯರು ಮುಂಬಯಿಯಲ್ಲಿ ರಾತ್ರಿ ಶಾಲೆಗಳನ್ನು ನಡೆಸಿದರು. ಓದಿದವರು ಬ್ಯಾಂಕು, ಕಚೇರಿ ಸೇರಿದರು, ಅವರ ಮಕ್ಕಳು ಗಟ್ಟಿಯಾಗಿ ಬೆಳೆದರು. ಒಂದು ತಲೆಮಾರಿನ ಆರೋಗ್ಯವನ್ನು ಆ ಕಪ್ಪು ಹಲಗೆ ಬದಲಿಸಿತು. ಡೊಂಬಿವಲಿ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನು ನಡೆಸುತ್ತಿದೆ. ವಾಶಿಯಲ್ಲಿ ನವಿ ಮುಂಬಯಿ ಕನ್ನಡ ಸಂಘ ಇದೆ. ಸಮುದಾಯದ ಸಂಘಗಳು ಊರೂರಿನಲ್ಲಿವೆ. ರಕ್ತದಾನ, ನೇತ್ರ ತಪಾಸಣೆ, ಉಚಿತ ಆರೋಗ್ಯ ಶಿಬಿರಗಳನ್ನು ಇವು ಶ್ರದ್ಧೆಯಿಂದ ಮಾಡುತ್ತ ಬಂದಿವೆ, ಅದು ಮುಂದುವರಿಯಲಿ.

ಅದರ ಜೊತೆಗೆ ಇನ್ನೊಂದು ಬಗೆಯ ಶಿಬಿರವೂ ಆಗಲಿ. ಇಎಸ್‌ಐ ನೋಂದಣಿ, ನಿರ್ಮಾಣ ಕಾರ್ಮಿಕರ ಕಾರ್ಡು, ರೇಷನ್ ಕಾರ್ಡಿನ ಪೋರ್ಟಬಿಲಿಟಿ, ಇವಕ್ಕೆ ಅರ್ಜಿ ತುಂಬಿಕೊಡುವ ಶಿಬಿರ. ನಿವೃತ್ತ ಬ್ಯಾಂಕ್ ನೌಕರರು, ಮರಾಠಿ ಬಲ್ಲ ಕಾಲೇಜಿನ ಮಕ್ಕಳು ಕೂತರೆ ನಾಕಾದ ಕೆಲಸಗಾರನ ಅರ್ಜಿ ಸಲೀಸಾಗಿ ತುಂಬುತ್ತದೆ. ಹೋಟೆಲ್ ಮಾಲೀಕರಾದ ನಮ್ಮ ಹಿರಿಯರು ತಮ್ಮಲ್ಲಿ ದುಡಿಯುವ ಪ್ರತಿಯೊಬ್ಬರ ಹೆಸರನ್ನೂ ಪುಸ್ತಕದಲ್ಲಿ ಬರೆಸಲಿ, ಮಲಗುವ ಕೋಣೆಗೆ ಕಿಟಕಿ ಇರಲಿ, ವಾರಕ್ಕೊಂದು ರಜೆ ಇರಲಿ. ವಾರ್ಡಿನ ಸಭೆಯಲ್ಲಿ ಕನ್ನಡಿಗರು ಮರಾಠಿ, ಹಿಂದಿ, ತೆಲುಗು ಮಾತಾಡುವ ನೆರೆಯವರ ಜೊತೆ ಎದ್ದು ನಿಂತು ನೀರಿನ, ಗಾಳಿಯ, ಹಳಿಯ ಪ್ರಶ್ನೆ ಕೇಳಲಿ. ಕುಡಿಯುವ ನೀರಿಗೂ ಉಸಿರಾಡುವ ಗಾಳಿಗೂ ಭಾಷೆಯ ಭೇದವಿಲ್ಲ.

ಆರೋಗ್ಯದ ಕಡತ ಯಾವ ಮೇಜಿನ ಮೇಲಿರಬೇಕು ಎಂದರೆ, ನಮ್ಮ ಬದುಕನ್ನು ಮುಟ್ಟುವ ಪ್ರತಿ ಮೇಜಿನ ಮೇಲೂ ಇರಬೇಕು. ಅದು ಅಲ್ಲಿದೆಯೇ ಎಂದು ಹೋಗಿ ನೋಡುವ ಹಕ್ಕು ನಮ್ಮದು. ಮುಂದಿನ ಸಲ ನಗರಸೇವಕರು ಮನೆ ಬಾಗಿಲಿಗೆ ಬಂದಾಗ, ಸಂಘದ ಸಭೆ ಕೂಡಿದಾಗ, ಈ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಿ: ನಿಮ್ಮ ಈ ತೀರ್ಮಾನದಿಂದ ನಮ್ಮ ಓಣಿಯವರ ಆರೋಗ್ಯಕ್ಕೆ ಏನಾಗುತ್ತದೆ? ಉತ್ತರ ಬರುವವರೆಗೆ ಕೇಳುತ್ತಿರಿ.